ಕಾಕಾನ ಮೂಳೆಗಳು ಎರಡು ವರ್ಷ ಹಿಂದಿದ್ದವು

ಬ್ರೆಜಿಲ್ ದೇಶದ ಹೆಸರಾಂತ ಫುಟ್‌ಬಾಲ್ ಆಟಗಾರರ ಬಾಲ್ಯದ ಕಥೆಗಳು ಹೆಚ್ಚುಕಡಿಮೆ ಒಂದೇ ಅಚ್ಚಿನವು. ಬಡತನ, ಬರಿಗಾಲು, ಓಣಿಯ ಆಟ, ಚೆಂಡಿನ ಬದಲಿಗೆ ಚಿಂದಿ ತುಂಬಿದ ಕಾಲುಚೀಲ. ಪೆಲೆಯ ಬಾಲ್ಯ ಹಾಗೇ ಇತ್ತು. ಕಾಕಾನದು ಹಾಗಲ್ಲ. ತಂದೆ ಸಿವಿಲ್ ಎಂಜಿನಿಯರ್, ತಾಯಿ ಶಾಲಾ ಶಿಕ್ಷಕಿ. ಹೊಟ್ಟೆಬಟ್ಟೆಗೆ ಕೊರತೆಯಿಲ್ಲದ ಮನೆ. ಅವನಿಗೆ ಎದುರಾದ ಅಡ್ಡಿ ಬೇರೆಯದೇ ಆಗಿತ್ತು. ಅದು ಅವನ ಮೂಳೆಗಳಲ್ಲಿತ್ತು.

ಅವನ ಪೂರ್ಣ ಹೆಸರು ರಿಕಾರ್ಡೊ ಇಜೆಕ್ಸನ್ ಡಾಸ್ ಸಾಂಟೋಸ್ ಲೈಟೆ. ಹುಟ್ಟಿದ್ದು 1982ರ ಏಪ್ರಿಲ್ 22ರಂದು, ರಾಜಧಾನಿ ಬ್ರೆಸಿಲಿಯಾದ ಹತ್ತಿರದ ಗಾಮಾದಲ್ಲಿ. ಪುಟ್ಟ ತಮ್ಮನಿಗೆ ‘ರಿಕಾರ್ಡೊ’ ಎನ್ನಲು ನಾಲಿಗೆ ಹೊರಳುತ್ತಿರಲಿಲ್ಲ. ಅವನ ಬಾಯಲ್ಲಿ ಅಣ್ಣ ‘ಕಾಕಾ’ ಆದ. (ನಮ್ಮ ಉತ್ತರ ಕರ್ನಾಟಕದ ಮಕ್ಕಳಿಗೆ ಕಾಕಾ ಎಂದರೆ ಚಿಕ್ಕಪ್ಪ, ಅಲ್ಲಿ ಅಣ್ಣನೇ ಕಾಕಾ!) ಅವನಿಗೆ ಏಳು ವರ್ಷವಾದಾಗ ಸಂಸಾರ ಸಾವೊ ಪೌಲೊ ನಗರಕ್ಕೆ ಬಂತು. ಹುಡುಗನ ಕಾಲ್ಚಳಕವನ್ನು ಗುರುತಿಸಿದ್ದು ಅವನ ಶಾಲೆ. ಶಾಲೆಯವರೇ ಅವನನ್ನು ಸ್ಥಳೀಯ ಮಕ್ಕಳ ತಂಡವೊಂದಕ್ಕೆ ಸೇರಿಸಿದರು. ಅಲ್ಲಿಂದ ಅವನು ಊರಿನ ದೊಡ್ಡ ಕ್ಲಬ್ಬಾದ ಸಾವೊ ಪೌಲೊ ಎಫ್.ಸಿ.ಯ ಕಣ್ಣಿಗೆ ಬಿದ್ದ. ಎಂಟನೆಯ ವಯಸ್ಸಿಗೆ ಅದರ ಬಾಲಕರ ವಿಭಾಗಕ್ಕೆ ಸೇರಿದ.

ಮೊದಮೊದಲು ಎಲ್ಲವೂ ಸುಗಮ. ಹನ್ನೆರಡರ ಆಸುಪಾಸಿನಲ್ಲಿ ತೊಂದರೆ ಶುರುವಾಯಿತು. ಜೊತೆಯ ಹುಡುಗರು ನೋಡನೋಡುತ್ತಿದ್ದಂತೆ ಎತ್ತರವಾದರು, ಭುಜ ಅಗಲವಾಯಿತು, ಧ್ವನಿ ಒಡೆಯಿತು. ಇವನು ಮಾತ್ರ ಪೀಚಲಾಗಿ ಹಾಗೆಯೇ ಉಳಿದ. ಆಟದ ತಿಳಿವಳಿಕೆ ಕಡಿಮೆಯಾಗಿರಲಿಲ್ಲ, ಆದರೆ ಚೆಂಡಿಗಾಗಿ ಮೈಗೆ ಮೈ ತಾಗಿಸುವ ಆಟದಲ್ಲಿ ತೂಕವಿಲ್ಲದವನು ಏನು ಮಾಡಿಯಾನು? ಹೆಚ್ಚಿನ ಹೊತ್ತು ಬದಲಿ ಆಟಗಾರರ ಬೆಂಚಿನ ಮೇಲೆ ಕಳೆಯಬೇಕಾಯಿತು.

ಇಂಥ ಹುಡುಗನನ್ನು ‘ಇವನ ಕೈಲಾಗದು’ ಎಂದು ಮನೆಗೆ ಕಳುಹಿಸುವುದು ಸುಲಭ. ಬಹಳ ಕಡೆ ಹಾಗೆಯೇ ಆಗುತ್ತದೆ. ಸಾವೊ ಪೌಲೊ ಕ್ಲಬ್ಬಿನವರು ಅವನನ್ನು ವೈದ್ಯರ ಬಳಿಗೆ ಕಳುಹಿಸಿದರು. ಅವನ ಮೂಳೆಗಳ ವಯಸ್ಸು ನಿಜವಾದ ವಯಸ್ಸಿಗಿಂತ ಸುಮಾರು ಎರಡು ವರ್ಷ ಹಿಂದಿದೆ ಎಂದು ಗೊತ್ತಾಯಿತು.

ಮೂಳೆಗೆ ಬೇರೆ ವಯಸ್ಸುಂಟೇ ಎಂದು ವಿದ್ಯಾರ್ಥಿಗಳು ಕೇಳಬಹುದು. ಉಂಟು. ಮಗು ಹುಟ್ಟಿದಾಗ ಅದರ ಮಣಿಕಟ್ಟಿನ ಎಂಟು ಸಣ್ಣ ಮೂಳೆಗಳೂ ಇನ್ನೂ ಮೂಳೆಗಳಾಗಿರುವುದಿಲ್ಲ, ಎಲ್ಲವೂ ಮೃದ್ವಸ್ಥಿ. ಎಕ್ಸ್‌ರೇ ತೆಗೆದರೆ ಆ ಜಾಗ ಖಾಲಿ ಕಾಣುತ್ತದೆ. ವರ್ಷಗಳು ಕಳೆದಂತೆ ಅವು ಒಂದು ಕ್ರಮದಲ್ಲಿ, ಒಂದೊಂದಾಗಿ ಗಟ್ಟಿಯಾಗುತ್ತ ಎಕ್ಸ್‌ರೇ ಹಾಳೆಯ ಮೇಲೆ ಮೂಡುತ್ತವೆ. ಕೈಕಾಲುಗಳ ಉದ್ದನೆಯ ಮೂಳೆಗಳದು ಇನ್ನೊಂದು ಬಗೆ. ಅವುಗಳ ತುದಿಯ ಬಳಿ ಮೃದ್ವಸ್ಥಿಯ ತೆಳುವಾದ ಪದರವೊಂದಿರುತ್ತದೆ. ಎತ್ತರ ಹೆಚ್ಚುವುದು ಅಲ್ಲಿಂದಲೇ. ಆ ಪದರ ಪೂರ್ತಿ ಮೂಳೆಯಾಗಿ ಬೆಸೆದುಕೊಂಡ ದಿನ ಬೆಳವಣಿಗೆ ನಿಂತಂತೆ. ಗಂಡುಮಕ್ಕಳಲ್ಲಿ ಮಣಿಕಟ್ಟಿನ ಬಳಿಯ ಪದರ ಬೆಸೆಯುವುದು ಸಾಮಾನ್ಯವಾಗಿ 17ರಿಂದ 19ರ ಸುಮಾರಿಗೆ. ಹೆಣ್ಣುಮಕ್ಕಳಲ್ಲಿ ಇನ್ನೂ ಮೊದಲೇ.

ಎಡಗೈಯ ಎಕ್ಸ್‌ರೇ ತೆಗೆದು, ಬೇರೆ ಬೇರೆ ವಯಸ್ಸಿನ ಮಕ್ಕಳ ಚಿತ್ರಗಳೊಡನೆ ಹೋಲಿಸಿ ಮೂಳೆಯ ವಯಸ್ಸನ್ನು ಅಳೆಯುವುದು ವಾಡಿಕೆ. ಇದಕ್ಕಾಗಿ ಅಮೆರಿಕದ ಗ್ರೂಲಿಕ್ ಮತ್ತು ಪೈಲ್ ಎಂಬಿಬ್ಬರು 1950ರಲ್ಲಿ ಪ್ರಕಟಿಸಿದ ಚಿತ್ರಸಂಪುಟ ಈಗಲೂ ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದೆ. ನಮ್ಮ ಕ್ರಿಕೆಟ್ ಮಂಡಳಿಯವರು 16ರ ಒಳಗಿನ ಹುಡುಗರ ತಂಡಗಳಿಗೆ ಮೂಳೆ ಪರೀಕ್ಷೆ ಮಾಡಿಸುತ್ತಾರಲ್ಲ, ಅದೂ ಇದೇ ತತ್ತ್ವದ ಮೇಲೆ ನಿಂತದ್ದು. ಅಲ್ಲಿ ಹುಡುಕುವುದು ವಯಸ್ಸು ಮುಚ್ಚಿಟ್ಟು ಬಂದ ದೊಡ್ಡ ಹುಡುಗರನ್ನು. ಕಾಕಾನ ವಿಷಯದಲ್ಲಿ ಅದೇ ಪರೀಕ್ಷೆ ಒಬ್ಬ ಚಿಕ್ಕ ಹುಡುಗನನ್ನು ಉಳಿಸಿತು.

ಹೇಗೆಂದರೆ, ಮೂಳೆ ಎರಡು ವರ್ಷ ಹಿಂದಿದೆ ಎಂಬುದು ಕೆಟ್ಟ ಸುದ್ದಿಯೇ ಆಗಬೇಕಿಲ್ಲ. ಬೆಳವಣಿಗೆಯ ಪದರಗಳು ಇನ್ನೂ ತೆರೆದಿವೆ, ಎತ್ತರವಾಗುವ ಕಾಲ ಇನ್ನೂ ಬಾಕಿ ಇದೆ ಎಂಬುದು ಅದರ ಇನ್ನೊಂದು ಮುಖ. ಹುಡುಗರು ಸರ್ರನೆ ಬೆಳೆಯುವ ವಯಸ್ಸು ಸರಾಸರಿ 13-14 ಎಂದು ಪುಸ್ತಕದಲ್ಲಿ ಓದುತ್ತೇವೆ. ಸರಾಸರಿ ಎಂದರೆ ಎಲ್ಲರೂ ಅಲ್ಲ. ಎಂಟನೆಯ ತರಗತಿಯಲ್ಲಿ ಪ್ರಾರ್ಥನೆಯ ಸಾಲಿನ ಮೊದಲಿಗೆ ನಿಲ್ಲುತ್ತಿದ್ದವನು ಪಿ.ಯು.ಸಿ. ಮುಗಿಸಿ ಅಂಕಪಟ್ಟಿ ತೋರಿಸಲು ಬಂದಾಗ ನಾನೇ ತಲೆಯೆತ್ತಿ ಮಾತಾಡಬೇಕಾದ ಸಂದರ್ಭಗಳು ಎಷ್ಟೋ. ನನ್ನ ಅನುಭವದಲ್ಲಿ ತಾಯ್ತಂದೆಯರು ಅಂಕಗಳ ನಂತರ ಹೆಚ್ಚು ಹೋಲಿಸುವುದು ಎತ್ತರವನ್ನೇ. ‘ಪಕ್ಕದ ಮನೆಯವನು ನೋಡು’ ಎನ್ನುವ ಮಾತು ಹುಡುಗನ ಎತ್ತರವನ್ನು ಒಂದು ಸೆಂಟಿಮೀಟರನ್ನೂ ಹೆಚ್ಚಿಸದು.

ಕ್ಲಬ್ಬಿನವರು ಕಾಕಾನಿಗೆ ಪೌಷ್ಟಿಕ ಆಹಾರದ ಕ್ರಮ ಹಾಕಿಕೊಟ್ಟರು, ಸ್ನಾಯು ಬಲಪಡಿಸುವ ವ್ಯಾಯಾಮ ಹೇಳಿಕೊಟ್ಟರು. ಮತ್ತೆ ಕಾದರು. ಅರ್ಜೆಂಟೀನಾದ ಲಿಯೊನೆಲ್ ಮೆಸ್ಸಿಯ ಕಥೆಯನ್ನು ಇದರೊಡನೆ ಬೆರೆಸಬಾರದು. ಮೆಸ್ಸಿಗೆ ಇದ್ದದ್ದು ಬೆಳವಣಿಗೆ ಹಾರ್ಮೋನಿನ ಕೊರತೆ; ಅವನಿಗೆ ವರ್ಷಗಟ್ಟಲೆ ಇಂಜೆಕ್ಷನ್ ಬೇಕಾಯಿತು. ಕುಳ್ಳಗಿರುವ ಮಕ್ಕಳಿಗೆಲ್ಲ ಅದೇ ಕಾರಣವಿರುವುದಿಲ್ಲ. ಯಾವುದು ಕಾಯಬೇಕಾದದ್ದು, ಯಾವುದು ಚಿಕಿತ್ಸೆ ಬೇಕಾದದ್ದು ಎಂಬುದನ್ನು ಮಕ್ಕಳ ವೈದ್ಯರು ಹೇಳಬೇಕೇ ಹೊರತು ‘ಎತ್ತರ ಹೆಚ್ಚಿಸುತ್ತೇವೆ’ ಎಂದು ಜಾಹೀರಾತು ಕೊಡುವ ಪುಡಿ ಮಾರುವವರಲ್ಲ.

ಹದಿನೈದನೆಯ ವಯಸ್ಸಿಗೆ ಕ್ಲಬ್ಬು ಅವನೊಡನೆ ಕರಾರು ಮಾಡಿಕೊಂಡಿತು. ಕೊನೆಗೆ ಅವನು ಬೆಳೆದು ನಿಂತದ್ದು 186 ಸೆಂಟಿಮೀಟರ್. ಆರಡಿಗೂ ಮೇಲೆ!

ಇನ್ನೇನು ದೊಡ್ಡವರ ತಂಡಕ್ಕೆ ಬಡ್ತಿ ಎನ್ನುವಾಗ ಎರಡನೆಯ ಗಂಡಾಂತರ ಬಂತು. 2000ದ ಅಕ್ಟೋಬರ್. ಹದಿನೆಂಟರ ಕಾಕಾ ಅಜ್ಜ-ಅಜ್ಜಿಯನ್ನು ನೋಡಲು ಹೋಗಿದ್ದ. ಅಲ್ಲಿ ಈಜುಕೊಳದ ಜಾರುಬಂಡೆಯಿಂದ ನೀರಿಗೆ ಬಿದ್ದಾಗ ತಲೆ ಕೊಳದ ತಳಕ್ಕೆ ಬಡಿಯಿತು. ಕುತ್ತಿಗೆಯ ಕಶೇರುಕವೊಂದು ಮುರಿಯಿತು.

ಕುತ್ತಿಗೆಯಲ್ಲಿರುವುದು ಏಳು ಕಶೇರುಕಗಳು. (ಜಿರಾಫೆಗೂ ಏಳೇ ಎಂಬುದನ್ನು ವಿದ್ಯಾರ್ಥಿಗಳು ನೆನಪಿಟ್ಟಿರಬಹುದು, ಅದರವು ಉದ್ದ, ಅಷ್ಟೆ.) ಅವುಗಳ ನಡುವಿನ ಕೊಳವೆಯಲ್ಲಿ ಮಿದುಳುಬಳ್ಳಿ ಹಾದುಹೋಗುತ್ತದೆ. ಕೈಕಾಲುಗಳಿಗೆ ಹೋಗುವ ಅಪ್ಪಣೆಗಳೆಲ್ಲ ಆ ಬಳ್ಳಿಯ ಮೂಲಕವೇ ಸಾಗಬೇಕು. ಮುರಿದ ಮೂಳೆ ಕೂಡಿಕೊಳ್ಳುತ್ತದೆ. ಆದರೆ ಮುರಿದ ಚೂರು ಸರಿದು ಮಿದುಳುಬಳ್ಳಿಯನ್ನು ಕತ್ತರಿಸಿದರೆ ಅದು ಮತ್ತೆ ಕೂಡದು. ಕುತ್ತಿಗೆಯಿಂದ ಕೆಳಗೆ ಶರೀರ ನಿಶ್ಚಲವಾಗಬಹುದು. ಕಾಕಾನ ಮೂಳೆ ಮುರಿದರೂ ಬಳ್ಳಿ ಉಳಿಯಿತು. ನಡೆಯಲು ಸಾಧ್ಯವಾದದ್ದೇ ಅದೃಷ್ಟ ಎಂದು ವೈದ್ಯರು ಹೇಳಿದರಂತೆ. ದೈವಭಕ್ತರಾದ ಕಾಕಾ ಅದನ್ನು ದೇವರ ಕೃಪೆ ಎಂದೇ ನಂಬಿ ಹೇಳಿಕೊಂಡಿದ್ದಾರೆ.

ಬೇಸಿಗೆ ರಜೆಯಲ್ಲಿ ಬಾವಿ, ಕೆರೆ, ನಾಲೆಗಳಿಗೆ ತಲೆ ಕೆಳಗಾಗಿ ಧುಮುಕುವ ನಮ್ಮ ಹುಡುಗರಿಗೆ ಇದನ್ನು ಬಿಡಿಸಿ ಹೇಳಲೇಬೇಕು. ಆಳ ಗೊತ್ತಿಲ್ಲದ ನೀರಿಗೆ ತಲೆ ಮುಂದಾಗಿ ಹಾರಬಾರದು. ಯಾರಾದರೂ ಹಾಗೆ ಪೆಟ್ಟು ತಿಂದರೆ ಗಾಬರಿಯಲ್ಲಿ ಕೈಕಾಲು ಹಿಡಿದು ಎಳೆಯಬಾರದು, ಕುಳ್ಳಿರಿಸಿ ಕುತ್ತಿಗೆ ತಿರುಗಿಸಿ ನೋಡಬಾರದು. ಮುಖ ನೀರಿನ ಮೇಲಿರುವಂತೆ, ತಲೆ-ಕುತ್ತಿಗೆ-ಬೆನ್ನು ಒಂದೇ ಗೆರೆಯಲ್ಲಿ ಅಲುಗದಂತೆ ಹಿಡಿದು, ಹಲಗೆಯ ಮೇಲೆ ಮಲಗಿಸಿ ಆಸ್ಪತ್ರೆಗೆ ಸಾಗಿಸಬೇಕು. ‘ನನಗೇನೂ ಆಗಿಲ್ಲ’ ಎಂದು ಎದ್ದು ನಡೆದವನಿಗೂ ಕುತ್ತಿಗೆ ನೋವಿದ್ದರೆ ಪರೀಕ್ಷೆ ಅಗತ್ಯ.

ಕಾಕಾ ಚೇತರಿಸಿಕೊಂಡ ರೀತಿ ಬೆರಗು ಹುಟ್ಟಿಸುವಂಥದು. 2001ರ ಫೆಬ್ರವರಿ 1ರಂದು, ಎಂದರೆ ನಾಲ್ಕು ತಿಂಗಳೊಳಗೇ, ಸಾವೊ ಪೌಲೊ ಹಿರಿಯರ ತಂಡದ ಪರವಾಗಿ ಮೊದಲ ಬಾರಿಗೆ ಕಣಕ್ಕಿಳಿದ. ಮಾರ್ಚ್ 7ರಂದು ರಿಯೊ-ಸಾವೊ ಪೌಲೊ ಟೂರ್ನಿಯ ಅಂತಿಮ ಸುತ್ತಿನ ಎರಡನೆಯ ಪಂದ್ಯ. ಎದುರಾಳಿ ಬೊಟಾಫೊಗೊ. ತಂಡ ಒಂದು ಗೋಲಿನಿಂದ ಹಿಂದಿತ್ತು. ಬದಲಿ ಆಟಗಾರನಾಗಿ ಇಳಿದ ಈ ಹುಡುಗ ಎರಡೇ ನಿಮಿಷದ ಅಂತರದಲ್ಲಿ ಎರಡು ಗೋಲು ಹೊಡೆದ. ಪಂದ್ಯ 2-1. ಆ ಟೂರ್ನಿಯನ್ನು ಸಾವೊ ಪೌಲೊ ಗೆದ್ದದ್ದು ಅದೇ ಮೊದಲು. ಆಗಿನ್ನೂ ಅವನ ಹೆಸರಿನ ಕಾಗುಣಿತ ಕೂಡ ಬೇರೆಯಿತ್ತು. ‘ಕೆ’ ಅಕ್ಷರದ ಕಾಕಾ ಬಂದದ್ದು ಆಮೇಲೆ.

ಮುಂದಿನದು ವೇಗವಾಗಿ ನಡೆದುಹೋಯಿತು. 2002ರ ಜನವರಿಯಲ್ಲಿ ಬೊಲಿವಿಯಾ ವಿರುದ್ಧ ಬ್ರೆಜಿಲ್ ತಂಡಕ್ಕೆ ಮೊದಲ ಪಂದ್ಯ. ಅದೇ ವರ್ಷ ವಿಶ್ವಕಪ್ ಗೆದ್ದ ತಂಡದಲ್ಲಿ ಅವನೂ ಇದ್ದ. ಆಡಿದ್ದು ಕೋಸ್ಟರಿಕಾ ವಿರುದ್ಧದ ಪಂದ್ಯದ ಕೊನೆಯ ಭಾಗವನ್ನು ಮಾತ್ರ. 2003ರಲ್ಲಿ ಇಟಲಿಯ ಎ.ಸಿ. ಮಿಲಾನ್ ಸುಮಾರು 85 ಲಕ್ಷ ಯೂರೋ ಕೊಟ್ಟು ಅವನನ್ನು ಕೊಂಡಿತು. ಅದೇ ಆಟಗಾರನಿಗಾಗಿ 2009ರಲ್ಲಿ ರಿಯಲ್ ಮ್ಯಾಡ್ರಿಡ್ 6 ಕೋಟಿ ಯೂರೋಗೂ ಹೆಚ್ಚು ಕೊಟ್ಟಿತು ಎಂದರೆ ಮಿಲಾನ್‌ಗೆ ಅದು ಎಷ್ಟು ಅಗ್ಗದ ವ್ಯಾಪಾರ ಎಂಬುದನ್ನು ಲೆಕ್ಕ ಹಾಕಿಕೊಳ್ಳಬಹುದು. ನಡುವೆ 2007ರಲ್ಲಿ ‘ಬಾಲೊನ್ ಡಿ’ಓರ್’ ಪ್ರಶಸ್ತಿ ಬಂದಿತ್ತು.

ಮಿಲಾನ್‌ನ ಆಗಿನ ತರಬೇತುದಾರ ಕಾರ್ಲೊ ಅಂಚೆಲೊಟ್ಟಿ ಅವರು ತಮ್ಮ ಆತ್ಮಕಥನದಲ್ಲಿ ಮೊದಲ ಭೇಟಿಯನ್ನು ನೆನೆಸಿಕೊಂಡಿದ್ದಾರೆ. ಕನ್ನಡಕ ಹಾಕಿಕೊಂಡು, ತಲೆ ನೀಟಾಗಿ ಬಾಚಿಕೊಂಡು ಬಂದ ಹುಡುಗ ಕಾಲೇಜಿಗೆ ಹೊರಟವನಂತೆ ಕಂಡನಂತೆ. ಇವನಿಂದ ಏನಾದೀತು ಎಂದು ಅವರಿಗೂ ಅನ್ನಿಸಿತ್ತು, ಚೆಂಡು ಅವನ ಕಾಲಿಗೆ ಸಿಗುವವರೆಗೆ. 2003-04ರ ಆ ಮೊದಲ ವರ್ಷವೇ ಇಟಲಿಯ ಲೀಗ್‌ನಲ್ಲಿ ಅವನು 30 ಪಂದ್ಯ ಆಡಿದ, 10 ಗೋಲು ಹೊಡೆದ. ಲೀಗ್ ಪ್ರಶಸ್ತಿ ಮಿಲಾನ್ ಪಾಲಾಯಿತು.