ಕುಡಿತ ಬಿಡುವವರ ಕೂಟ

ತೆಕ್ಕಲಕೋಟೆಯ ಒಬ್ಬ ಗೃಹಸ್ಥನನ್ನು ಊಹಿಸಿಕೊಳ್ಳೋಣ. ಭತ್ತದ ಗದ್ದೆಯಲ್ಲಿ ದುಡಿಯುವವನು. ಹತ್ತು ವರ್ಷಗಳಿಂದ ದಿನವೂ ಕುಡಿಯುವವನು. ಒಂದು ರಾತ್ರಿ ಮಕ್ಕಳ ಮುಖ ನೋಡಿ, ನಾಳೆಯಿಂದ ಮುಟ್ಟುವುದಿಲ್ಲವೆಂದು ಆಣೆಯಿಡುತ್ತಾನೆ. ಮುಂಜಾನೆಗೆ ಕೈ ನಡುಗುತ್ತದೆ, ಮೈ ಬೆವರುತ್ತದೆ. ಸಂಜೆಯ ಹೊತ್ತಿಗೆ ಆಣೆ ಮುರಿಯುತ್ತದೆ. ಅವನಿಗೆ ಮನಸ್ಸು ಗಟ್ಟಿಯಿಲ್ಲವೆಂದು ನೆರೆಹೊರೆಯವರು ತೀರ್ಪು ಕೊಡುತ್ತಾರೆ. ಈ ತೀರ್ಪು ಸರಿಯೆ? ವಿಚಾರಿಸಿ ನೋಡೋಣ.

ನಮ್ಮ ಮಿದುಳಿನಲ್ಲಿ ನರಕೋಶಗಳನ್ನು ಶಾಂತಗೊಳಿಸುವ ರಾಸಾಯನಿಕವೂ ಉಂಟು, ಕೆರಳಿಸುವ ರಾಸಾಯನಿಕವೂ ಉಂಟು. ಮೊದಲನೆಯದರಲ್ಲಿ ಮುಖ್ಯವಾದುದು ಗಾಬಾ; ಎರಡನೆಯದರಲ್ಲಿ ಗ್ಲುಟಮೇಟ್. ಇವೆರಡನ್ನು ತಕ್ಕಡಿಯ ಎರಡು ತಟ್ಟೆಗಳೆಂದು ಭಾವಿಸಬಹುದು. ಮದ್ಯಸಾರವು ಗಾಬಾದ ಕೆಲಸವನ್ನು ಹೆಚ್ಚಿಸಿ, ಗ್ಲುಟಮೇಟಿನ ಕೆಲಸವನ್ನು ಕುಗ್ಗಿಸುತ್ತದೆ. ದಿನವೂ ಹೀಗಾದರೆ ಮಿದುಳು ಸುಮ್ಮನಿರದು. ಕೆರಳಿಸುವ ತಟ್ಟೆಗೆ ತಾನೇ ತೂಕ ಸೇರಿಸುತ್ತ ತಕ್ಕಡಿಯನ್ನು ಸಮ ಮಾಡಿಕೊಳ್ಳುತ್ತದೆ. ಈಗ ಮದ್ಯವನ್ನು ಹಠಾತ್ತನೆ ತೆಗೆದರೆ ಆ ಹೆಚ್ಚಿನ ತೂಕ ಹಾಗೆಯೇ ಉಳಿದು, ತಕ್ಕಡಿ ಒಂದೇ ಕಡೆಗೆ ಕುಸಿಯುತ್ತದೆ. ಕೆಲವು ಗಂಟೆಗಳಲ್ಲಿಯೇ ನಡುಕ ತೊಡಗುತ್ತದೆ. ಮೊದಲ ಎರಡು ದಿನಗಳಲ್ಲಿ ಕೆಲವರಿಗೆ ಸೆಳವು ಬರುವುದುಂಟು. ಎರಡನೆಯ ಅಥವಾ ಮೂರನೆಯ ದಿನ ಕೆಲವರಿಗೆ ಸನ್ನಿ ಹಿಡಿಯುವುದುಂಟು. ಚಿಕಿತ್ಸೆಯಿಲ್ಲದಿದ್ದರೆ ಈ ಸನ್ನಿ ಪ್ರಾಣಕ್ಕೇ ಅಪಾಯಕರ. ಆದುದರಿಂದ ಬಹಳ ಕಾಲ ವಿಪರೀತವಾಗಿ ಕುಡಿದವನು ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಲಾಗದು. ಮೊದಲು ವೈದ್ಯ, ಅನಂತರ ಕೂಟ. ಈ ಕ್ರಮವನ್ನು ಮರೆಯಬಾರದು.

ಔಷಧವು ಮೊದಲ ವಾರವನ್ನು ದಾಟಿಸುತ್ತದೆ. ಆದರೆ ಕುಡಿಯಬೇಕೆಂಬ ಬಯಕೆ ತಿಂಗಳುಗಟ್ಟಲೆ ಮರುಕಳಿಸುತ್ತದೆ. ಕೂಲಿ ಕೈಗೆ ಬಂದ ದಿನ, ಹಳೆಯ ಗೆಳೆಯನ ಕರೆ, ಅಂಗಡಿಯ ಮುಂದಿನ ದಾರಿ, ಇಷ್ಟೇ ಸಾಕು. ಆಸ್ಪತ್ರೆ ಅಷ್ಟು ಕಾಲ ಜೊತೆಯಲ್ಲಿರಲಾರದು. ಹಾಗಾದರೆ ಯಾರಿರಬೇಕು?

೧೯೩೫ರ ಮೇ ತಿಂಗಳಲ್ಲಿ ಅಮೆರಿಕದ ಏಕ್ರನ್ ನಗರದಲ್ಲಿ ಈ ಪ್ರಶ್ನೆಗೆ ಒಂದು ಉತ್ತರ ದೊರೆಯಿತು. ಬಿಲ್ ವಿಲ್ಸನ್ ಎಂಬಾತ ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ಬಂದ ವ್ಯವಹಾರ ಕೆಟ್ಟು, ಪರಸ್ಥಳದ ಹೋಟೆಲಿನಲ್ಲಿ ಒಬ್ಬನೇ ನಿಂತಿದ್ದಾಗ ಕುಡಿಯುವ ಬಯಕೆ ಬಲವಾಯಿತು. ಆತ ದೂರವಾಣಿಯತ್ತ ನಡೆದು, ಊರಿನ ಚರ್ಚುಗಳಿಗೆ ಕರೆಮಾಡಿ, ತನ್ನಂಥ ಇನ್ನೊಬ್ಬ ಕುಡುಕನ ಗುರುತು ಕೇಳಿದ. ಹಾಗೆ ದೊರೆತವರು ಡಾಕ್ಟರ್ ರಾಬರ್ಟ್ ಸ್ಮಿತ್. ಡಾಕ್ಟರರು ಕಡೆಯ ಬಾರಿ ಕುಡಿದ ಆ ವರ್ಷದ ಜೂನ್ ೧೦ನ್ನೇ 'ಆಲ್ಕೊಹಾಲಿಕ್ಸ್ ಅನಾನಿಮಸ್' ಸಂಘದ ಹುಟ್ಟಿದ ದಿನವೆಂದು ಎಣಿಸುತ್ತಾರೆ. ಸೇರಿದವರು ಇಬ್ಬರೇ ಎಂಬುದನ್ನು ಗಮನಿಸಬೇಕು.

ಈ ಸಂಘದ ಸಭೆಗೆ ಶುಲ್ಕವಿಲ್ಲ. ಪೂರ್ಣ ಹೆಸರನ್ನು ಯಾರೂ ಕೇಳುವುದಿಲ್ಲ. ಕುಡಿತ ಬಿಡಬೇಕೆಂಬ ಇಚ್ಛೆಯೊಂದೇ ಪ್ರವೇಶಪತ್ರ. ಒಬ್ಬೊಬ್ಬರೂ ತಮ್ಮ ಅನುಭವವನ್ನು ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಇಷ್ಟರಿಂದ ಪ್ರಯೋಜನವುಂಟೆ? ೨೦೨೦ರಲ್ಲಿ ಕಾಕ್ರೇನ್ ಸಂಸ್ಥೆಯು ೨೭ ಅಧ್ಯಯನಗಳನ್ನು, ಅಂದರೆ ೧೦,೫೬೫ ಜನರನ್ನು ಕುರಿತ ಮಾಹಿತಿಯನ್ನು, ಪರಿಶೀಲಿಸಿತು. ಈ ಸಂಘದ ದಾರಿಗೆ ಕ್ರಮವಾಗಿ ಹಚ್ಚಲ್ಪಟ್ಟವರಲ್ಲಿ ವರ್ಷದ ಕೊನೆಗೆ ಪೂರ್ಣವಾಗಿ ಕುಡಿತ ಬಿಟ್ಟವರು ಶೇಕಡ ೪೨. ಬೇರೆ ಚಿಕಿತ್ಸೆ ಪಡೆದವರಲ್ಲಿ ಶೇಕಡ ೩೫. ಅಂತರ ಅದ್ಭುತವಲ್ಲ, ಆದರೆ ನಿಜ. ಕೂಟದಲ್ಲಿದ್ದೂ ಹಲವರು ಜಾರಿಬೀಳುತ್ತಾರೆಂಬುದನ್ನೂ ಇದೇ ಅಂಕಿ ಹೇಳುತ್ತದೆ. ಜಾರಿದವನು ಮರಳಿ ಬರಬಹುದು, ಬಾಗಿಲು ಮುಚ್ಚಿರುವುದಿಲ್ಲ.

ಇನ್ನು ನಮ್ಮ ಗೃಹಸ್ಥನ ಕಡೆಗೆ ಬರೋಣ. ಅವನ ಜಿಲ್ಲೆಗೆ ಈ ವಿಷಯದಲ್ಲಿ ಒಂದು ಹಿರಿಮೆಯಿದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯು ೧೯೮೫ರಿಂದ ೧೯೯೦ರ ವರೆಗೆ ಬಳ್ಳಾರಿ ಜಿಲ್ಲೆಯಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳ ಮೂಲಕವೇ ಮಾನಸಿಕ ಚಿಕಿತ್ಸೆ ನೀಡುವ ಪ್ರಯೋಗ ನಡೆಸಿತು. ಈ 'ಬಳ್ಳಾರಿ ಮಾದರಿ'ಯನ್ನೇ ಆಧರಿಸಿ ೧೯೯೬ರಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ದೇಶದಲ್ಲಿ ಆರಂಭವಾಯಿತು. ಆದುದರಿಂದ ಅವನು ಮೊದಲು ಸಿರುಗುಪ್ಪದ ತಾಲ್ಲೂಕು ಆಸ್ಪತ್ರೆಗಾಗಲಿ, ಬಳ್ಳಾರಿಯ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗಾಗಲಿ ಹೋಗಿ, ಸಮೀಪದಲ್ಲಿ ಕೂಟವೆಲ್ಲಿ ಸೇರುತ್ತದೆಂದು ಅಲ್ಲಿಯೇ ವಿಚಾರಿಸಬೇಕು. ೨೦೨೨ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ದೂರವಾಣಿ ೧೪೪೧೬. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು. ವ್ಯಸನಮುಕ್ತಿಗೆಂದೇ ಇರುವ ರಾಷ್ಟ್ರೀಯ ಸಂಖ್ಯೆ ೧೪೪೪೬. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆಯ ಆಶ್ರಯದಲ್ಲಿ ನಡೆಯುವ ಮದ್ಯವರ್ಜನ ಶಿಬಿರಗಳಿಂದ ಹೊರಬಂದವರು 'ನವಜೀವನ ಸಮಿತಿ'ಗಳಲ್ಲಿ ಸೇರುವುದುಂಟು. ಬಸ್ಸಿನ ದಾರಿ ದೂರವಾದವರಿಗೆ ದೂರವಾಣಿಯಲ್ಲಿಯೇ ಸೇರುವ ಸಭೆಗಳೂ ಇವೆ.

ಓದುಗರಲ್ಲಿ ಕೆಲವರ ಮನೆಯಲ್ಲಿಯೇ ಈ ಸಂಕಟವಿರಬಹುದು. ತಂದೆಯ ಕುಡಿತಕ್ಕೆ ಮಕ್ಕಳು ಕಾರಣರಲ್ಲ. ಅದನ್ನು ಬಿಡಿಸುವ ಹೊಣೆಯೂ ಅವರದಲ್ಲ. ಮನೆಯವರಿಗೆಂದೇ ೧೯೫೧ರಿಂದ 'ಆಲ್-ಅನಾನ್' ಎಂಬ ಬೇರೊಂದು ಕೂಟ ನಡೆದುಬಂದಿದೆ. ಮೇಲೆ ಹೇಳಿದ ಸಂಖ್ಯೆಗಳಿಗೆ ವಿದ್ಯಾರ್ಥಿಯೂ ಕರೆಮಾಡಬಹುದು.

ನಮ್ಮ ಗೃಹಸ್ಥನ ಮನಸ್ಸು ಗಟ್ಟಿಯಿರಲಿಲ್ಲವೆಂಬ ತೀರ್ಪು ತಪ್ಪು. ಓಲಿದ ತಕ್ಕಡಿಯನ್ನು ಅವನು ಒಬ್ಬನೇ ಹಿಡಿದು ನಿಂತಿದ್ದ. ಏಕ್ರನ್ನಿನಲ್ಲಿ ಮೊದಲ ಸಭೆಗೆ ಬೇಕಾದವರು ಇಬ್ಬರು. ತೆಕ್ಕಲಕೋಟೆಯಲ್ಲಿಯೂ ಅಷ್ಟೇ ಸಾಕು. ಊರಿನಲ್ಲಿ ಕುಡಿತ ಬಿಟ್ಟ ಇನ್ನೊಬ್ಬನಿದ್ದಾನೆಯೇ ಎಂದು ಕೇಳುವುದರಿಂದಲೇ ಕೂಟದ ಹುಡುಕಾಟ ತೊಡಗುತ್ತದೆ.