ವಿದ್ಯುತ್ ಬಿಲ್ಲು ನಿರ್ಧಾರವಾಗುವುದು ನಕ್ಷೆಯಲ್ಲೇ

ದೇಶ ವಿಭಜನೆಯ ನಂತರ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ದಕ್ಷಿಣ ಕೋಲ್ಕತ್ತದ ಜಾದವ್‌ಪುರದಲ್ಲಿ ಬಿಜಯ್‌ಗಢ, ಆಜಾದ್‌ಗಢದಂಥ ಕಾಲೊನಿಗಳನ್ನು ಕಟ್ಟಿಕೊಂಡರು. ಆ ಕಾಲೊನಿಗಳ ತಗ್ಗು ಮನೆಗಳು ಈಗ ಒಂದೊಂದಾಗಿ ಉರುಳಿ, ಅದೇ ಜಾಗದಲ್ಲಿ ನಾಲ್ಕೈದು ಅಂತಸ್ತಿನ ಫ್ಲ್ಯಾಟುಗಳು ಏಳುತ್ತಿವೆ. ಮಾಲೀಕರಿಗೆ ಒಂದೆರಡು ಫ್ಲ್ಯಾಟು, ಉಳಿದವು ಕಟ್ಟಿಸುವ ‘ಪ್ರಮೋಟರ್’ ಪಾಲಿಗೆ. ಬೆಂಗಳೂರಿನ ಹಳೆಯ ಬಡಾವಣೆಗಳಲ್ಲಿ ನಡೆಯುತ್ತಿರುವುದೂ ಇದೇ. ಇಂಥ ಹೊಸ ಕಟ್ಟಡಗಳು ವಿದ್ಯುತ್ ಉಳಿಸುವಂತೆ ಮಾಡಲು ನಿಯಮಗಳಿವೆ. ಆದರೆ ಅವುಗಳ ಬಗ್ಗೆ ತಪ್ಪು ತಿಳಿವಳಿಕೆಯೇ ಹೆಚ್ಚು.

ತಪ್ಪು ಕಲ್ಪನೆ: ಫೈವ್ ಸ್ಟಾರ್ ಎಸಿ ಹಾಕಿಸಿದರೆ ಮನೆ ವಿದ್ಯುತ್ ಉಳಿಸುತ್ತದೆ.

ಸತ್ಯ: ಎಸಿ ಮಾಡುವುದು ಒಳಗೆ ಬಂದ ಶಾಖವನ್ನು ಹೊರಹಾಕುವ ಕೆಲಸ. ಎಷ್ಟು ಶಾಖ ಒಳಗೆ ಬರಬೇಕೆಂದು ತೀರ್ಮಾನಿಸುವುದು ಗೋಡೆ, ಕಿಟಕಿ, ಚಾವಣಿ. ಇಂಧನ ದಕ್ಷತಾ ಬ್ಯೂರೊ 2018ರಲ್ಲಿ ತಂದ ‘ಇಕೋ ನಿವಾಸ ಸಂಹಿತೆ’ ಹಿಡಿದದ್ದು ಇದೇ ಮೂಲವನ್ನು. ಅದರ ಪ್ರಕಾರ ಗೋಡೆ, ಕಿಟಕಿಗಳ ಮೂಲಕ ಬರುವ ಶಾಖ ಚದರ ಮೀಟರಿಗೆ ಸರಾಸರಿ 15 ವ್ಯಾಟ್ ಮೀರಬಾರದು. ಎಸಿಯನ್ನು ಹತ್ತು ವರ್ಷಕ್ಕೊಮ್ಮೆ ಬದಲಿಸಬಹುದು. ಗೋಡೆ ಐವತ್ತು ವರ್ಷ ಹಾಗೇ ನಿಲ್ಲುತ್ತದೆ.

ತಪ್ಪು ಕಲ್ಪನೆ: ಕೇಂದ್ರದ ಕಾನೂನು ಬಂದಿದೆ, ಇನ್ನು ಎಲ್ಲ ಹೊಸ ಕಟ್ಟಡಗಳೂ ಅದರೊಳಗೇ.

ಸತ್ಯ: ಹೆಚ್ಚಿನ ಮನೆಗಳು ಹೊರಗೇ ಉಳಿಯುತ್ತವೆ. 2001ರ ಇಂಧನ ಸಂರಕ್ಷಣಾ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿ ವಸತಿ ಕಟ್ಟಡಗಳನ್ನೂ ಸೇರಿಸಿಕೊಂಡಿತು. ಆದರೆ ಗುರಿ 100 ಕಿಲೋವ್ಯಾಟ್ ಅಥವಾ ಅದಕ್ಕೂ ಹೆಚ್ಚಿನ ಸಂಪರ್ಕ ಹೊರೆಯ ದೊಡ್ಡ ಕಟ್ಟಡಗಳು. 2018ರ ಸಂಹಿತೆ ಎಳೆದ ಗೆರೆ 500 ಚದರ ಮೀಟರ್ ನಿವೇಶನ. ಕೋಲ್ಕತ್ತದಲ್ಲಿ ಜಾಗ ಅಳೆಯುವುದು ಕಾಠಾ ಲೆಕ್ಕದಲ್ಲಿ. ಒಂದು ಕಾಠಾ ಎಂದರೆ 720 ಚದರ ಅಡಿ. 500 ಚದರ ಮೀಟರ್ ಸುಮಾರು ಏಳೂವರೆ ಕಾಠಾ ಆಗುತ್ತದೆ. ಕಾಲೊನಿಗಳ ನಿವೇಶನಗಳು ಸಾಮಾನ್ಯವಾಗಿ ಇದಕ್ಕಿಂತ ಬಹಳ ಚಿಕ್ಕವು. ಬೆಂಗಳೂರಿನ 30×40 ಸೈಟು ಹಾಗಿರಲಿ, 60×80 ಸೈಟು ಕೂಡ ಈ ಗೆರೆ ಮುಟ್ಟುವುದಿಲ್ಲ.

ತಪ್ಪು ಕಲ್ಪನೆ: ದೆಹಲಿ ಎಳೆದ ಗೆರೆ, ನಗರಪಾಲಿಕೆ ಏನೂ ಮಾಡಲಾರದು.

ಸತ್ಯ: ಆ ಮಿತಿಯನ್ನು ಇಳಿಸುವ ಅವಕಾಶವನ್ನು ಸಂಹಿತೆಯೇ ರಾಜ್ಯಗಳಿಗೂ ಸ್ಥಳೀಯ ಸಂಸ್ಥೆಗಳಿಗೂ ಕೊಟ್ಟಿದೆ. ನಿಯಮಕ್ಕೆ ಜೀವ ಬರುವುದು ನಕ್ಷೆ ಮಂಜೂರಾಗುವ ಮೇಜಿನ ಮೇಲೆ. ಜಾದವ್‌ಪುರ 1984ರಲ್ಲಿ ಕೋಲ್ಕತ್ತ ಪಾಲಿಕೆಗೆ ಸೇರಿತು. ಅಲ್ಲಿ ಆ ಮೇಜು ಪಾಲಿಕೆಯದು. ಅಲ್ಲಿ ನೋಡದೆ ಬಿಟ್ಟದ್ದನ್ನು ಮತ್ತಾರೂ ನೋಡುವುದಿಲ್ಲ.

ತಪ್ಪು ಕಲ್ಪನೆ: ಕಿಟಕಿ ದೊಡ್ಡದಿದ್ದರೆ ಸಾಕು, ಗಾಳಿ ತಾನಾಗಿ ಬರುತ್ತದೆ.

ಸತ್ಯ: ಲೆಕ್ಕಕ್ಕೆ ಬರುವುದು ತೆರೆದುಕೊಳ್ಳುವ ಭಾಗ ಮಾತ್ರ. ಕೋಲ್ಕತ್ತದ್ದು ಬಿಸಿ ಮತ್ತು ತೇವದ ಹವೆ. ಬೆವರು ಆರಬೇಕಾದರೆ ಗಾಳಿ ಆಡಬೇಕು. ಅದಕ್ಕೇ ಇಂಥ ಊರುಗಳಲ್ಲಿ ತೆರೆಯುವ ಕಿಟಕಿ, ಹೊರಬಾಗಿಲುಗಳ ವಿಸ್ತೀರ್ಣ ಕಾರ್ಪೆಟ್ ಏರಿಯಾದ ಶೇ 16.66ರಷ್ಟು, ಅಂದರೆ ಆರನೇ ಒಂದು ಭಾಗ ಇರಬೇಕೆಂದು ಸಂಹಿತೆ ಹೇಳುತ್ತದೆ. ಸಮಶೀತೋಷ್ಣದ ಬೆಂಗಳೂರಿಗೆ ಶೇ 12.5 ಸಾಕು. 600 ಚದರ ಅಡಿಯ ಜಾದವ್‌ಪುರದ ಫ್ಲ್ಯಾಟಿಗೆ 100 ಚದರ ಅಡಿ ತೆರವು ಬೇಕು. ಎಲ್ಲೆಡೆ ಕೂರಿಸುವ ಎರಡು ಕದಗಳ ಸ್ಲೈಡಿಂಗ್ ಕಿಟಕಿ ಒಮ್ಮೆಗೆ ಅರ್ಧವಷ್ಟೇ ತೆರೆಯುತ್ತದೆ. ಉಳಿದರ್ಧದ ಗಾಜು ಬಿಸಿಲನ್ನು ಒಳಗೆ ಬಿಡುತ್ತದೆ, ಗಾಳಿಯನ್ನು ಬಿಡುವುದಿಲ್ಲ. ಬಾಗಿಲಿನಂತೆ ಪೂರ್ತಿ ತೆರೆಯುವ ಕಿಟಕಿಯೇ ಮೇಲು. ಹಳೆಯ ಕೋಲ್ಕತ್ತದ ಮನೆಗಳ ‘ಖೊಡ್‌ಖೊಡಿ’, ಅಂದರೆ ಓರೆ ಪಟ್ಟಿಗಳ ಮರದ ಕಿಟಕಿ, ಬಿಸಿಲು ತಡೆದು ಗಾಳಿ ಬಿಡುತ್ತಿತ್ತು.

ತಪ್ಪು ಕಲ್ಪನೆ: ದಕ್ಷಿಣಕ್ಕೆ ಮುಖ ಮಾಡಿದ ಮನೆ ಕಾದು ಕೆಂಡವಾಗುತ್ತದೆ.

ಸತ್ಯ: ನಮ್ಮಲ್ಲಿ ದಕ್ಷಿಣ ದಿಕ್ಕೆಂದರೆ ಹಿಂಜರಿಯುವವರು ಬಹಳ. ಕೋಲ್ಕತ್ತದಲ್ಲಿ ‘ದೊಖ್ಖಿನ್ ಖೋಲಾ’, ದಕ್ಷಿಣಕ್ಕೆ ತೆರೆದ ಮನೆಗೇ ಬೇಡಿಕೆ. ಬಂಗಾಳ ಕೊಲ್ಲಿಯ ಗಾಳಿ ಬೀಸುವುದು ಆ ಕಡೆಯಿಂದ. ಊರು ಕರ್ಕಾಟಕ ಸಂಕ್ರಾಂತಿ ವೃತ್ತಕ್ಕೆ ಹತ್ತಿರವಾದ್ದರಿಂದ ಜೂನ್ ತಿಂಗಳ ನಡುಹಗಲಲ್ಲಿ ಸೂರ್ಯ ಹೆಚ್ಚುಕಡಿಮೆ ನೆತ್ತಿಯ ಮೇಲೇ ಇರುತ್ತಾನೆ. ಆಗ ಕಾಯುವುದು ಚಾವಣಿ. ಬೆಳಿಗ್ಗೆ ಪೂರ್ವದ ಗೋಡೆ, ಸಂಜೆ ಪಶ್ಚಿಮದ ಗೋಡೆ. ದಕ್ಷಿಣದ ಕಿಟಕಿಗೆ ಒಂದು ಸಜ್ಜ ಸಾಕು. ಪಶ್ಚಿಮದ ಇಳಿಬಿಸಿಲನ್ನು ಸಜ್ಜ ತಡೆಯಲಾರದು.

ತಪ್ಪು ಕಲ್ಪನೆ: ಇದೆಲ್ಲ ದುಬಾರಿ, ದೊಡ್ಡ ಬಿಲ್ಡರ್‌ಗಳಿಗಷ್ಟೇ ಸಾಧ್ಯ.

ಸತ್ಯ: ಮಲಗುವ ಕೋಣೆಯನ್ನು ಪಶ್ಚಿಮಕ್ಕೆ ಹಾಕದಿರಲು, ಎದುರುಬದುರು ಕಿಟಕಿ ಇಡಲು ಹೆಚ್ಚು ದುಡ್ಡು ಬೇಡ, ನಕ್ಷೆ ಬರೆಯುವಾಗ ಯೋಚನೆ ಬೇಕು. ಒಳಹೊರಗಿನ ನಡುವೆ 1 ಡಿಗ್ರಿ ವ್ಯತ್ಯಾಸವಿದ್ದಾಗ ಚದರ ಮೀಟರ್ ಚಾವಣಿಯಿಂದ ಇಳಿಯುವ ಶಾಖ 1.2 ವ್ಯಾಟ್ ಮೀರಬಾರದು ಎನ್ನುತ್ತದೆ ಸಂಹಿತೆ. ಬರೀ ಆರ್‌ಸಿಸಿ ಚಾವಣಿಯಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಇಳಿಯುತ್ತದೆ. ಶಾಖ ತಡೆಯುವ ಒಂದು ಪದರ, ಮೇಲೆ ಬಿಳಿ ಹೆಂಚು ಹಾಕಿದರೆ ಮೇಲಂತಸ್ತಿನವರ ಬದುಕೇ ಬದಲಾಗುತ್ತದೆ.

ಫ್ಲ್ಯಾಟು ಕೊಳ್ಳುವವರು ಮಾರ್ಬಲ್, ಲಿಫ್ಟು ನೋಡುವ ಮೊದಲು ಮೂರು ಪ್ರಶ್ನೆ ಕೇಳಲಿ: ಕಿಟಕಿ ಎಷ್ಟು ತೆರೆಯುತ್ತದೆ? ಚಾವಣಿಯ ಮೇಲೆ ಏನು ಹಾಕಿದ್ದೀರಿ? ಪಶ್ಚಿಮದ ಗೋಡೆಗೆ ನೆರಳೇನು? ಕೊಳ್ಳುವವರ ಎಚ್ಚರವೊಂದೇ ಸಾಲದು. ಕೋಲ್ಕತ್ತ ಪಾಲಿಕೆಯಾಗಲಿ, ಬೆಂಗಳೂರಿನ ಪಾಲಿಕೆಗಳಾಗಲಿ, ತಮಗಿರುವ ಅಧಿಕಾರ ಬಳಸಿ ನಿವೇಶನದ ಮಿತಿಯನ್ನು ಇಳಿಸಬೇಕು. ನಗರದ ಹೆಚ್ಚಿನವರು ವಾಸಿಸುವ ಕಟ್ಟಡಗಳನ್ನೇ ಹೊರಗಿಟ್ಟ ನಿಯಮದಿಂದ ನಗರದ ವಿದ್ಯುತ್ ಉಳಿಯುವುದಿಲ್ಲ.