ಇ.ಸಿ.ಎಂ. ಹೋಯ್ತು ಅನ್ನುವ ಮೊದಲು ವಯರು ನೋಡಿ

ನಮ್ಮಂಥ ಒಣಬೇಸಾಯದವರಿಗೂ ಶೇಂಗಾ, ಈರುಳ್ಳಿ ಸಾಗಿಸಲು ಈಗ ಪಿಕಪ್ ಗಾಡಿ ಬೇಕೇ ಬೇಕು. 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್. 6 ಪಿಕಪ್‌ಗಳಲ್ಲಿ ಇಂಜಿನ್ನಿಗೆ ಎಷ್ಟು ಡೀಸೆಲ್, ಯಾವಾಗ ಅಂತ ತೀರ್ಮಾನಿಸುವುದು ಇ.ಸಿ.ಎಂ. ಎಂಬ ಡಬ್ಬಿ. ಗಾಡಿ ನಿಂತರೆ 'ಇ.ಸಿ.ಎಂ. ಹೋಗಿದೆ' ಅಂತ ಹೇಳಿಬಿಡುವುದು ಸುಲಭ. ಹೊಸದು ಹಾಕಿಸಲು ಎತ್ತು ಮಾರಬೇಕಾದೀತು. ನಮ್ಮ ಗಾಡಿಗೂ ಪೇಟೆಯ ಒಂದು ಗ್ಯಾರೇಜಿನಲ್ಲಿ ಹಾಗೇ ಹೇಳಿದರು. ಹುಡುಕಿದಾಗ ಸಿಕ್ಕಿದ್ದು ಇಲಿ ಕಡಿದ ಒಂದು ವಯರು! ಅದನ್ನು ಜೋಡಿಸಿ ಬೆಸುಗೆ ಹಾಕಿದ ಮೇಲೆ ಗಾಡಿ ಸರಿಹೋಯ್ತು.

ಪರೀಕ್ಷೆಗೆ ಒಂದು ಡಿಜಿಟಲ್ ಮೀಟರು ಸಾಕು. ಸ್ಟೇರಿಂಗಿನ ಕೆಳಭಾಗದಲ್ಲಿ 16 ಪಿನ್ನಿನ ಸಾಕೆಟ್ಟು ಇರುತ್ತದೆ. ಅದರ ಅಗಲ ಬದಿ ಮೇಲಿರುವಂತೆ ಎದುರಿನಿಂದ ನೋಡಿ. ಮೇಲಿನ ಸಾಲಿನಲ್ಲಿ ಎಡದಿಂದ ಬಲಕ್ಕೆ 1ರಿಂದ 8, ಕೆಳಗೆ 9ರಿಂದ 16. ಇದರಲ್ಲಿ ನಮಗೆ ಬೇಕಾದ್ದು ಐದೇ ಪಿನ್ನು. 16 ಬ್ಯಾಟರಿ ಕರೆಂಟು. 4 ಬಾಡಿ ಅರ್ಥಿಂಗ್. 5 ಸಿಗ್ನಲ್ ಅರ್ಥಿಂಗ್. 6 ಮತ್ತು 14 'ಕ್ಯಾನ್' ವಯರು, ಅಂದರೆ ಗಾಡಿಯ ಡಬ್ಬಿಗಳು ಒಂದಕ್ಕೊಂದು ಮಾತಾಡುವ ಜೋಡಿ.

ಮೊದಲು 16ಕ್ಕೂ 4ಕ್ಕೂ, ಆಮೇಲೆ 16ಕ್ಕೂ 5ಕ್ಕೂ ವೋಲ್ಟ್ ನೋಡಿ. ಬ್ಯಾಟರಿಯಲ್ಲಿ ಇದ್ದಷ್ಟೇ ಬರಬೇಕು. ಎರಡರಲ್ಲೂ ಬರದಿದ್ದರೆ ಮೊದಲು ಫ್ಯೂಸ್ ನೋಡಿ. ಒಂದರಲ್ಲಿ ಮಾತ್ರ ಬರದಿದ್ದರೆ ಆ ಅರ್ಥಿಂಗ್ ಕೆಟ್ಟಿದೆ.

ಎರಡನೆಯದಾಗಿ, ಕೀ ತೆಗೆದು, ಬ್ಯಾಟರಿಯ ಮೈನಸ್ ಬಿಚ್ಚಿ 6 ಮತ್ತು 14ರ ನಡುವೆ ಓಮ್ ಅಳೆಯಿರಿ. ಹೆಚ್ಚಿನ ಗಾಡಿಗಳಲ್ಲಿ ಸುಮಾರು 60 ಬರುತ್ತದೆ. ಜೋಡಿಯ ಎರಡು ತುದಿಯಲ್ಲೂ 120 ಓಮಿನ ಒಂದೊಂದು ರೆಸಿಸ್ಟರ್ ಇರುವುದೇ ಕಾರಣ. ಅಂಥ ಗಾಡಿಯಲ್ಲಿ 120 ಬಂದರೆ ಎಲ್ಲೋ ಸಂಪರ್ಕ ತಪ್ಪಿದೆ. ಸೊನ್ನೆ ಹತ್ತಿರ ಬಂದರೆ ವಯರು ಒಂದಕ್ಕೊಂದು ತಗುಲಿವೆ.

ಮೂರನೆಯದು ಸೆನ್ಸರು. ಮೂರು ವಯರಿನ ಸೆನ್ಸರಿಗೆ ಸಾಮಾನ್ಯವಾಗಿ ಒಂದರಲ್ಲಿ 5 ವೋಲ್ಟ್, ಒಂದು ಅರ್ಥಿಂಗ್, ಇನ್ನೊಂದು ಸಿಗ್ನಲ್. ಒಂದು ಸೆನ್ಸರು ಶಾರ್ಟ್ ಆದರೆ ಅದೇ 5 ವೋಲ್ಟ್ ಹಂಚಿಕೊಂಡ ಉಳಿದವೂ ಸುಮ್ಮನಾಗಬಹುದು. ಒಂದೊಂದೇ ಪ್ಲಗ್ಗು ಬಿಚ್ಚುತ್ತಾ ಬನ್ನಿ. ಯಾವುದನ್ನು ಬಿಚ್ಚಿದಾಗ 5 ವೋಲ್ಟ್ ಮರಳಿ ಬರುತ್ತದೋ ಅಲ್ಲೇ ದೋಷ.

ಕೆಲವು ಎಚ್ಚರಿಕೆಗಳು: ಈ ವಯರುಗಳಿಗೆ ಬಲ್ಬು ಹಚ್ಚಿ ಪರೀಕ್ಷೆ ಮಾಡ್ಬೇಡಿ. ದಪ್ಪ ಕಡ್ಡಿ ಚುಚ್ಚಿದರೆ ಪಿನ್ನು ಸಡಿಲವಾಗುತ್ತದೆ. ಗಾಡಿಗೆ ವೆಲ್ಡಿಂಗ್ ಮಾಡಿಸುವ ಮೊದಲು ಬ್ಯಾಟರಿ ಬಿಚ್ಚಿಸಿ.

ಇ.ಸಿ.ಎಂ.ನ ಸ್ವಂತ ಕನೆಕ್ಟರಿನ ಪಿನ್ ನಂಬರು ಮಾತ್ರ ಮಾಡೆಲ್ಲಿಗೊಂದು ಥರ. ಆ ಮಾಡೆಲ್ಲಿನ ವಯರಿಂಗ್ ನಕ್ಷೆ ಇಲ್ಲದೆ ಅದಕ್ಕೆ ಕೈ ಹಾಕ್ಬೇಡಿ. ಡಬ್ಬಿ ಬದಲಿಸಬೇಕು ಅಂತ ಯಾರಾದರೂ ಹೇಳಿದರೆ, 'ಕರೆಂಟು, ಅರ್ಥಿಂಗ್, ಕ್ಯಾನ್ ಮೂರೂ ಅಳೆದು ನೋಡಿದ್ರಾ?' ಅಂತ ಕೇಳಿ. ಅಳೆದದ್ದನ್ನು ತೋರಿಸಿದ ಮೇಲೇ ದುಡ್ಡು ಬಿಚ್ಚಿ.